ಅವ್ವ ಬೈದ ಕೆಂಪುಗಳು

ಸಾಲಿಯಲ್ಲಿ ನಾನು ತಿಂದ ಮೊದಲನೇ ಪೆಟ್ಟು ಕೆಂಪು ಬಣ್ಣದ ಸಲುವಾಗಿ. ಮಾಸ್ತರರು ಅವತ್ತು ಒಂದೇ ಅರ್ಥದ ಬೇರೆ ಬೇರೆ ಶಬ್ದಗಳನ್ನು ಕಲಿಸುತ್ತಿದ್ದರು. ಹಲಗೆಯ ಮೇಲೆ ‘ಕೆಂಪು’ ಅಂತ ಬರೆದು, ಇದಕ್ಕೆ ಮತ್ತೇನೇನು ಅಂತಾರ ಹೇಳ್ರಿ ಅಂದರು. ಅವರಿಗೆ ಬೇಕಾಗಿದ್ದದ್ದು ಅರುಣ, ಲೋಹಿತ, ಶೋಣ, ರಕ್ತವರ್ಣ. ಇಡೀ ಸಾಲಿಯಲ್ಲಿ ಈ ಪ್ರಶ್ನೆಗೆ ನನ್ನಷ್ಟು ಬಲ್ಲವರು ಯಾರಿದ್ದಾರೆ ಅನ್ನುವ ಸೊಕ್ಕಿನಿಂದ ಎದ್ದು ನಿಂತು ಒಂದೇ ಉಸಿರಿಗೆ ಶುರುಮಾಡಿದೆ: ಗುಲಗಂಜಿ, ದಾಳಿಂಬ್ರಿ, ಇಟ್ಟಂಗಿ, ಕುಂಕುಮ, ತೊಂಡಿಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಮದರಂಗಿ, ಕಾವಿ, ದಾಸಾಳ, ಮಡಿ ಸೀರಿ, ಹುಂಜದ ಜುಟ್ಟು, ಎಲಿ ಅಡಿಕಿ ಹಾಕಿದ ಬಾಯಿ. ಹುಡುಗಿಯರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು.

“ಏ ಹುಡುಗಿ, ನಾ ಕೇಳಿದ್ದು ಶಬ್ದ. ನೀ ಸಂತಿ ಸಾಮಾನಿನ ಯಾದಿ ಓದಾಕತ್ತೀಯಲ್ಲ!”

ಅಂದವರೇ ಮಾಸ್ತರರು ಬೆರಳಿನ ಗೆಣ್ಣಿಗೆ ಪಟ್ಟಿಯಿಂದ ಒಂದು ಕೊಟ್ಟರು. ಅವರನ್ನು ಬೈಯಲಾರೆ. ಪಾಪ, ಅವರಿಗೇನು ಗೊತ್ತು, ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಯಾದಿಯ ಮೇಲೆ ಅಂತ. ಲೋಹಿತ, ಶೋಣ ಎಲ್ಲ ಆಮೇಲೆ ಕಲಿತೆ. ಅವೂ ಛಲೋ ಶಬ್ದಗಳೇ. ಆದರೆ ಅವುಗಳಿಂದ ಒಂದು ಲಡಿ ನೂಲಿಗೂ ಬಣ್ಣ ಏರಲಿಲ್ಲ. ಆ ಯಾದಿ ನನ್ನದಲ್ಲ, ನಮ್ಮ ಅವ್ವನದು. ಅವಳು ಅದನ್ನು ಕಲಿಸಿದ್ದು ಬೈದು ಬೈದು. ಹೀಗೆ ಬೈಸಿಕೊಂಡ ಮಗಳು ಹುಬ್ಬಳ್ಳಿಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಇವತ್ತು ಅದನ್ನು ನೆನೆದರೆ ಕೈ ತಾನೇ ಮುಗಿಯುತ್ತದೆ.

ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ, ಮುಂದೆ ಪಡಸಾಲಿ, ನಡುವೆ ಅಡಿಗಿ ಮನಿ, ಹಿಂದೆ ಹಿತ್ತಲು. ಪಡಸಾಲಿಯಲ್ಲಿ ನಿಂತರೆ ಅಡಿಗಿ ಮನಿ ದಾಟಿ ಹಿತ್ತಲಿನ ತನಕ ಒಂದೇ ನೇರಕ್ಕೆ ಕಾಣುತ್ತಿತ್ತು. ಹಿತ್ತಲಲ್ಲಿ ಎರಡು ದೊಡ್ಡ ತಾಮ್ರದ ಹಂಡೆ, ಒಂದು ಬಾವಿ, ನೂಲು ಒಣಗಿಸುವ ಬಿದಿರಿನ ಗಳಗಳು. ನೇಕಾರರು ಬಿಳೀ ನೂಲಿನ ಲಡಿ ತಂದು ಕೊಡುತ್ತಿದ್ದರು, ಅಪ್ಪ ಅದನ್ನು ಕೆಂಪು ಮಾಡಿ ಕೊಡುತ್ತಿದ್ದ. ಬೇರೆ ಬಣ್ಣ ಹಾಕುವವರು ಊರಲ್ಲಿ ಬಹಳ ಜನ ಇದ್ದರು, ಆದರೆ ಕೆಂಪು ಅಂದರೆ ನಮ್ಮಪ್ಪ. ಅಜ್ಜನ ಕಾಲದಲ್ಲಿ ಬೇರು ಕುದಿಸಿ ಬಣ್ಣ ತೆಗೆಯುತ್ತಿದ್ದರಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಡಬ್ಬಿಯ ಪುಡಿ ಬಂದಿತ್ತು. ಅಪ್ಪನ ಕೈ ಮೊಣಕೈ ತನಕ ಕೆಂಪು. ಬಾವಿಯ ಹಗ್ಗ ಕೆಂಪು, ಹೊಸ್ತಿಲು ಕೆಂಪು, ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೂ ಅಪ್ಪನ ಐದು ಬೆರಳು. ನಮ್ಮ ಬೆಕ್ಕು ಹುಟ್ಟಾ ಬೆಳ್ಳಗಿತ್ತಂತೆ, ಹಂಡೆಯ ಸುತ್ತ ಸುತ್ತಿ ಸುತ್ತಿ ಅದರ ಕಾಲು, ಹೊಟ್ಟೆ ಎಲ್ಲ ಕೆಂಪಾಗಿ ಕೆಂಚಿ ಅಂತಲೇ ಹೆಸರಾಯಿತು.

ಕೆಂಪು ಅನ್ನುವ ಮಾತು ಎಲ್ಲರ ಬಾಯಲ್ಲೂ ಒಂದೇ, ಅದರೊಳಗಿನ ಅರ್ಥ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಅಕ್ಕಸಾಲಿಗನಿಗೆ ಕೆಂಪು ಅಂದರೆ ಮೂಗುತಿಯ ಹರಳು. ರೈತನಿಗೆ ಮಣ್ಣು. ಓಣಿಯ ಹುಡುಗರಿಗೆ ಕೆಂಪು ಮೂತಿ ಅಂದರೆ ಕುದುರೆ ಏರಿ ಬರುವ ಸಾಹೇಬ. ಕಣ್ಣು ಕೆಂಪಾದರೆ ಸಿಟ್ಟು, ಮಾರಿ ಕೆಂಪಾದರೆ ನಾಚಿಕೆ, ರೊಟ್ಟಿ ಕೆಂಪಾದರೆ ಲಗೂನ ತಿರುವಿ ಹಾಕು. ಮದಲಗಿತ್ತಿ ಉಡುವುದೂ ಕೆಂಪು, ಗಂಡ ಸತ್ತು ತಲೆ ಬೋಳಿಸಿಕೊಂಡವರು ಉಡುವುದೂ ಕೆಂಪು. ಓಣಿಯ ಕಡೇ ಮನೆಯಲ್ಲಿ ಒಬ್ಬ ಮಡಿ ಅಜ್ಜಿ ಇದ್ದಳು. ವರ್ಷಕ್ಕೊಮ್ಮೆ ಎರಡು ಸೀರೆ ಬಣ್ಣಕ್ಕೆ ಕಳಿಸುತ್ತಿದ್ದಳು. ಒಂದು ಸಲ ಆ ಸೀರೆಯೂ ಯಾವುದೋ ಮದುವೆಯ ನೂಲೂ ಒಂದೇ ಗಳದ ಮೇಲೆ ಒಣಗುತ್ತಿದ್ದವು. ನಾನು ಸುಮ್ಮನಿರದೆ, ಎರಡೂ ಕೆಂಪ ಅದಾವಲ್ಲವ್ವಾ, ಮತ್ತ ಒಂದು ಶುಭ, ಒಂದು ಅಶುಭ ಹೆಂಗ ಅಂತ ಕೇಳಿದೆ. ಅವ್ವ ನನ್ನ ಗದ್ದ ಹಿಡಿದು ಮುಖವನ್ನು ಗಳದ ಕಡೆ ತಿರುಗಿಸಿದಳು.

“ಕಣ್ಣು ತೆರದ ನೋಡು. ಇದರೊಳಗ ದಾಳಿಂಬ್ರಿ ಕಾಳು ಕುಂತಾವ. ಅದರೊಳಗ ಮಣ್ಣು ಕುಂತೈತಿ. ಎರಡೂ ಕೆಂಪ ಅಂದ್ರ ಆತೇನು?”

ನೋಡಿದೆ. ಒಮ್ಮೆ ಕಂಡ ಮೇಲೆ ಮತ್ತೆ ಕಾಣದಂತೆ ಮಾಡಿಕೊಳ್ಳಲು ಆಗಲೇ ಇಲ್ಲ.

ಇನ್ನು ಅವ್ವನ ಬೈಗುಳದ ಮಾತು. ನಮ್ಮ ಕಡೆ ಆಗಿನ ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ಗಂಡನ ಜೋಡಿ ನೇರ ಮಾತಾಡುತ್ತಿರಲಿಲ್ಲ. ಹೇಳಲೇಬೇಕಾದರೆ ಮಕ್ಕಳ ಮೇಲೆ ಹಾಕಿ ಹೇಳುವುದು, ನಿಮ್ಮಪ್ಪಗ ಉಣ್ಣಾಕ ಬಾ ಅನ್ನು ಅಂತ. ಅದೇನೂ ಹೊಸದಲ್ಲ. ಆದರೆ ಅವ್ವನದು ಬೇರೆಯೇ ತರಹ. ಪಡಸಾಲಿಯಲ್ಲಿ ನೇಕಾರರು ಕೂತಿರಬೇಕು, ಅಪ್ಪ ಒಂದು ಲಡಿ ಎತ್ತಿ ಬೆಳಕಿಗೆ ಹಿಡಿಯಬೇಕು, ಅಷ್ಟರಲ್ಲಿ ಅಡಿಗಿ ಮನಿಯ ಹೊಸ್ತಿಲಿನಿಂದ ನನಗೆ ಬೈಗುಳ ಶುರು.

“ಏ ಗಂಗೀ, ಗುಲಗಂಜಿ ಬಾಯಾಗ ಹಾಕ್ಕೋಬ್ಯಾಡ ಅಂತ ಎಷ್ಟ ಸರತಿ ಹೇಳೇನಿ?”

ನನ್ನ ಬಾಯಲ್ಲಿ ಗುಲಗಂಜಿ ಇರುತ್ತಿರಲಿಲ್ಲ. ನಾನು ಮೂಲೆಯಲ್ಲಿ ಕೂತು ಗಜ್ಜುಗ ಆಡುತ್ತಿರುತ್ತಿದ್ದೆ. ಇನ್ನೊಂದು ದಿನ, ಆ ಇಟ್ಟಂಗಿ ಹೊರಗ ಒಗಿ. ಮತ್ತೊಂದು ದಿನ, ಮತ್ತ ದಾಳಿಂಬ್ರಿ ಕದ್ದ ತಿಂದೇನು ಕಳ್ಳೀ. ನೇಕಾರರು ನನ್ನ ಕಡೆ ನೋಡಿ ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ. ಲಡಿಯನ್ನು ಒಮ್ಮೆ ಕೊಡವಿ, ಇದು ದಾಳಿಂಬ್ರಿ ನೋಡ್ರಿ, ಹೆಂಗ ಬಂದೈತಿ ಅನ್ನುತ್ತಿದ್ದ. ವರ್ಷಕ್ಕೆ ಎರಡು ದಾಳಿಂಬ್ರಿ ಕಾಣುವುದೇ ಕಷ್ಟವಿದ್ದ ಮನೆ ನಮ್ಮದು, ಓಣಿಯಲ್ಲಿ ನನಗೆ ದಾಳಿಂಬ್ರಿ ಕಳ್ಳಿ ಅಂತ ಹೆಸರು ಬಿತ್ತು! ಹುಡುಗರು ಹಾದಿಯಲ್ಲಿ ಕೂಗುತ್ತಿದ್ದರು. ಅಳುತ್ತಾ ಬಂದು, ನಾ ಯಾವಾಗ ಕದ್ದೆ ಹೇಳು ಅಂತ ಅವ್ವನ ಜೋಡಿ ಜಗಳಕ್ಕೆ ನಿಂತರೆ ಅವ್ವ ತಲೆ ಸವರಿ, ಹೋಗ್ಲಿ ಬಿಡ ತಂಗಿ, ಬಾಯಿ ತಪ್ಪಿ ಬಂತು ಅನ್ನುತ್ತಿದ್ದಳು. ಮರುದಿನ ಮತ್ತೆ ಅದೇ. ನನ್ನ ಅವ್ವ ಹತ್ತು ಜನರ ಮುಂದೆ ನನ್ನ ಮೇಲೆ ಸುಳ್ಳು ಹೇಳುತ್ತಾಳೆ ಅನ್ನುವ ಸಂಕಟ ಆ ವಯಸ್ಸಿನಲ್ಲಿ ನನ್ನನ್ನು ಭಾಳ ತಿಂದಿದೆ. ಖರೇ ಹೇಳುತ್ತೇನೆ, ಒಮ್ಮೊಮ್ಮೆ ನಾನು ಇವಳ ಹೊಟ್ಟೆಯಲ್ಲಿ ಹುಟ್ಟಿದವಳೇ ಹೌದೋ ಅಲ್ಲವೋ ಅನ್ನಿಸುತ್ತಿತ್ತು.

ಅವ್ವನಿಗೆ ಇನ್ನೊಂದು ಚಟ. ಯಾವಾಗಲೂ ಬಾಯಲ್ಲಿ ಒಂದು ನೂಲಿನ ತುಂಡು. ಬೇರೆ ಮನೆಯ ಹೆಂಗಸರು ಎಲಿ ಅಡಿಕಿ ಜಗಿದರೆ ಇವಳು ನೂಲು ಜಗಿಯುತ್ತಿದ್ದಳು. ಅವಳ ನಾಲಿಗೆಯ ತುದಿ ಅದಕ್ಕೇ ಕೆಂಪು.

ನನಗೆ ಹತ್ತು ವರ್ಷ ಇರಬೇಕು. ಸಂಗಪ್ಪಕಾಕಾ ಅಂತ ನಮಗೆ ಬಹಳ ಬೇಕಾದ ನೇಕಾರ ಒಬ್ಬ ಇದ್ದ. ಅವನ ಮಗಳು ಶಾಂತಕ್ಕನ ಮದುವೆ ಗೊತ್ತಾಗಿತ್ತು. ಅವಳು ನನಗಿಂತ ದೊಡ್ಡವಳು, ಅವ್ವನಿಗೆ ಪುರಸೊತ್ತು ಇಲ್ಲದ ದಿನ ನನ್ನ ತಲೆ ಬಾಚಿ ಹೆಣಲು ಹಾಕುತ್ತಿದ್ದವಳು. ಊರ ಮಂದಿಗೆಲ್ಲ ನೇಯ್ದು ಕೊಟ್ಟವ ಮಗಳ ಧಾರೆ ಸೀರೆ ಕೊಂಡು ತರುತ್ತಾನೇನು? ತಾನೇ ಮಗ್ಗಕ್ಕೆ ಕೂತ. ನೂಲು ನಮ್ಮ ಮನೆಯದು. ದಾಳಿಂಬ್ರಿ ಕೆಂಪೇ ಆಗಬೇಕು ಅಂದ. ಮೊದಲ ಪಾಲು ಅವ್ವ ಇದ್ದಾಗಲೇ ಆಗಿ, ಸೀರೆಯ ಅರ್ಧ ನೇಯ್ದೂ ಆಗಿತ್ತು. ಇನ್ನು ಸೆರಗಿನ ಪಾಲು ಉಳಿದಿತ್ತು. ಅಷ್ಟರಲ್ಲಿ ಉಪ್ಪಿನಬೆಟಗೇರಿಯಿಂದ ಆಳು ಬಂದ, ಅವ್ವನ ತವರಿನಲ್ಲಿ ಆಯಿಗೆ ಆರಾಮಿಲ್ಲ, ಮಗಳನ್ನು ನೋಡಬೇಕು ಅಂತ ಹಟ ಹಿಡಿದಿದ್ದಾಳೆ ಅಂತ. ಅವ್ವ ಒಂದೇ ಬೆಳಗ್ಗೆ ಎಂಟು ದಿನಕ್ಕಾಗುವಷ್ಟು ರೊಟ್ಟಿ ಬಡಿದು, ಒಣಗಿಸಿ ಕಟಕು ಮಾಡಿ ಒಟ್ಟಿದಳು. ಧಾರವಾಡದ ತನಕ ರೈಲು, ಅಲ್ಲಿಂದ ಮುಂದೆ ಚಕ್ಕಡಿ. ಗಂಟು ಹಿಡಿದು ಹೊರಟವಳು ಬಾಗಿಲಲ್ಲಿ ನಿಂತು ನನ್ನ ಎರಡೂ ಭುಜ ಹಿಡಿದಳು.

“ನಿಮ್ಮಪ್ಪ ಏನರ ನೋಡ ಅಂದ್ರ ಖರೇನ ನೋಡಿ ಹೇಳು. ಸುಮ್ಮ ಹೌದಪ್ಪಾ ಹೌದಪ್ಪಾ ಅನಬ್ಯಾಡ. ತಿಳೀತಿಲ್ಲೊ?”

ತಿಳಿದಿರಲಿಲ್ಲ, ತಿಳಿಯಿತು ಅಂದೆ.

ಮರುದಿನ ಅಪ್ಪ ಹಂಡೆಗೆ ಉರಿ ಹಾಕಿದ. ಹಳೇ ಡಬ್ಬಿಯ ಪುಡಿ ತಳ ಕಂಡಿತ್ತು, ಅಂಗಡಿಯಿಂದ ಹೊಸ ಡಬ್ಬಿ ತಂದಿದ್ದ. ಅದೇ ಚೀಟಿ, ಅದೇ ಅಂಕಿ. ಅಳತೆಯಲ್ಲಿ ಅಪ್ಪನದು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಲಡಿಗಳನ್ನು ಮುಳುಗಿಸಿ, ತಿರುವಿ, ಎತ್ತಿ, ಒಂದರ ನೀರು ಹಿಂಡಿ ಗಳಕ್ಕೆ ಹಾಕಿದ. ಮಾದರಿಗೆ ಅಂತ ಮೊದಲ ಪಾಲಿನ ಒಂದು ಚಿಕ್ಕ ಲಡಿ ಇಟ್ಟುಕೊಂಡಿದ್ದ. ಅದನ್ನು ಪಕ್ಕದಲ್ಲಿ ಹಿಡಿದು ನನ್ನನ್ನು ಕರೆದ.

“ಗಂಗಾ, ನೋಡ ಬಾ. ಕೂಡತೈತೇನು?”

ಅಯ್ಯ, ನನಗೆ ಆದ ಹಿಗ್ಗು ಏನು ಹೇಳಲಿ! ಊರಿಗೆಲ್ಲ ಕೆಂಪು ಹೇಳುವ ಅಪ್ಪ ನನ್ನನ್ನು ಕೇಳುತ್ತಿದ್ದಾನೆ. ಹಸಿ ಲಡಿ ನೋಡಿದೆ, ಒಣ ಮಾದರಿ ನೋಡಿದೆ. ಎರಡೂ ದಾಳಿಂಬ್ರಿಯ ಹಾಗೇ ಹೊಳೆಯುತ್ತಿದ್ದವು. ಕೂಡತೈತಪ್ಪಾ ಅಂದೆ. ಅಪ್ಪ ಇನ್ನೊಮ್ಮೆ ಕೇಳಿದ, ಖರೇನ ಅಂತ. ಖರೇನ ಅಂದೆ. ಅವನು ಬಾಯಿ ತೆರೆದು ಇನ್ನೇನೋ ಕೇಳಲು ಹೊರಟು, ಪಕ್ಕದಲ್ಲಿ ಕಟ್ಟಿಗೆ ಒಡೆಯುತ್ತಿದ್ದ ಆಳನ್ನು ನೋಡಿ ಸುಮ್ಮನಾದ. ಉಳಿದ ಲಡಿಗಳೂ ಗಳಕ್ಕೆ ಏರಿದವು.

ಅವತ್ತು ಮಧ್ಯಾಹ್ನ ಊಟಕ್ಕೆ ನಾನೇ ಎಡೆ ಮಾಡಿದೆ. ಕಟಕ ರೊಟ್ಟಿ, ಮೊಸರು, ಒಂದು ಕಡೆ ಮೆಣಸಿನಕಾಯಿಯ ಕೆಂಪು ಹಿಂಡಿ, ಒಂದು ಕಡೆ ಹಸಿರು ಬಣ್ಣದ ಹಸಿ ಖಾರ. ಅಪ್ಪನಿಗೆ ಹಸಿ ಮೆಣಸಿನಕಾಯಿ ಹೊಟ್ಟೆಗೆ ಆಗುತ್ತಿರಲಿಲ್ಲ, ಹಸಿ ಖಾರ ನನ್ನ ಸಲುವಾಗಿ ಅವ್ವ ಕುಟ್ಟಿಟ್ಟು ಹೋಗಿದ್ದು. ಅಪ್ಪ ರೊಟ್ಟಿ ಮುರಿದು ನೇರ ಹಸಿ ಖಾರಕ್ಕೆ ಕೈ ಹಾಕಿ ಬಾಯಿಗೆ ಇಟ್ಟ. ಮರುಕ್ಷಣ ಮುಖ ಗಂಟಾಯಿತು. ತಂಬಿಗೆ ಎತ್ತಿ ಗಟಗಟ ನೀರು ಕುಡಿದ. ಅಲ್ಲಪ್ಪಾ, ಕೆಂಪ ಹಿಂಡಿ ಇಲ್ಲೇ ಐತೆಲ್ಲ ಅಂದೆ. ಹೌದೇನ, ಧ್ಯಾನ ಇರಲಿಲ್ಲ ಅಂದ. ಅವ್ವ ಬಡಿಸುವಾಗ ಪ್ರತಿಯೊಂದನ್ನೂ, ಇದು ಕೆಂಪ, ಇದು ಹಸಿ ಅಂತ ಹೆಸರು ಹೇಳಿ ಹಾಕುತ್ತಿದ್ದಳು. ಇವಳಿಗೆ ಎಷ್ಟು ಮಾತು ಅಂತ ನಾನು ಅಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಹಿತ್ತಲಿಗೆ ಹೋದೆ. ನೂಲು ಒಣಗಿತ್ತು. ಗಳದ ಮೇಲೆ ಸಾಲಾಗಿ ತೂಗುತ್ತಿದ್ದದ್ದು ದಾಳಿಂಬ್ರಿ ಅಲ್ಲ. ಬಣ್ಣ ತೆಳುವಾಗಿರಲಿಲ್ಲ, ದಟ್ಟವೇ ಇತ್ತು. ಆದರೆ ಅದರೊಳಗೆ ಮಣ್ಣು ಕೂತಿತ್ತು. ಅದು ಮಡಿ ಅಜ್ಜಿಯ ಸೀರೆಯ ಕೆಂಪು. ಒಂದು ಎಳೆ ಆಚೆ ಇಲ್ಲ, ಒಂದು ಎಳೆ ಈಚೆ ಇಲ್ಲ. ಶಾಂತಕ್ಕನ ಧಾರೆ ಸೀರೆಯ ಸೆರಗಿಗೆ ಅದನ್ನು ಹಾಕುತ್ತಾರೆ! ಮದುವೆ ಚಪ್ಪರದ ತುಂಬಾ ಹೆಣ್ಣುಮಕ್ಕಳು, ಅವರ ಕಣ್ಣಿಗೆ ಮೊದಲು ಬೀಳುವುದೇ ಸೆರಗು. ಮದಲಗಿತ್ತಿ ಮಡಿ ಕೆಂಪು ಹೊದ್ದಾಳ ಅಂತ ಒಬ್ಬಳು ಅಂದರೆ ಸಾಕು, ಆ ಮಾತು ಶಾಂತಕ್ಕನ ಜೋಡಿ ಗಂಡನ ಮನೆಯ ತನಕ ಹೋಗುತ್ತದೆ. ಮುಂದೆ ಆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಆ ಸೆರಗನ್ನೇ ಅನ್ನುತ್ತಾರೆ. ಅಪ್ಪನ ಹಂಡೆಗೆ ಮತ್ತೆ ಯಾರೂ ನೂಲು ತರುವುದಿಲ್ಲ. ಕೂಡತೈತಿ ಅಂದವಳು ನಾನು.

ಅಪ್ಪನಿಗೆ ಹೇಳೋಣ ಅಂತ ತಿರುಗುವಷ್ಟರಲ್ಲಿ ಅವನೇ ಬಂದ. ಜೊತೆಗೆ ಸಂಗಪ್ಪಕಾಕಾ! ಮಗ್ಗ ಖಾಲಿ ನಿಂತೈತಿ, ತಡಕೊಳ್ಳಾಕ ಆಗಲಿಲ್ಲ ಅಂತ ಬೆಳಗ್ಗೆ ಬೆಳಗ್ಗೆ ಬಂದಿದ್ದ. ಹಿತ್ತಲಿನ ಬಾಗಿಲಲ್ಲಿ, ಇನ್ನೂ ನೆರಳಿನಲ್ಲೇ ನಿಂತಿದ್ದ. ಗಳಗಳು ಆಚೆ ತುದಿಗೆ, ಬಿಸಿಲಿಗೆ ಬೆನ್ನು ಮಾಡಿ ಇದ್ದವು. ಅಲ್ಲಿಂದ ಅವನಿಗೆ ಕೆಂಪು ಅನ್ನುವುದಷ್ಟೇ ಕಂಡಿರಬೇಕು. ಅಪ್ಪ ಗಳದ ಹತ್ತಿರ ಹೋಗಿ ಒಣಗಿದ ಲಡಿಯೊಂದನ್ನು ತೆಗೆದ, ಮಾದರಿಯ ಲಡಿಯನ್ನು ಎಡಗೈಯಲ್ಲಿ ಹಿಡಿದ. ಎರಡನ್ನೂ ಕಣ್ಣ ಹತ್ತಿರ ತಂದು ನೋಡಿದ. ತೃಪ್ತಿಯಿಂದ ತಲೆ ಆಡಿಸಿದ.

“ನೋಡೋ ಸಂಗಪ್ಪ, ಒಂದ ತಾಯಿ ಹೊಟ್ಯಾಗ ಹುಟ್ಟಿದಂಗ ಅದಾವ!”

ಒಂದು ಕೈಯಲ್ಲಿ ಮದುವೆ, ಒಂದು ಕೈಯಲ್ಲಿ ಮಡಿ. ಸಣ್ಣ ಕೂಸೂ ಬೇರೆ ಅನ್ನುತ್ತಿತ್ತು. ಅಪ್ಪನ ಮುಖ ನೋಡಿದೆ. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಆಗ ನನಗೆ ತಿಳಿಯಿತು. ಅಪ್ಪನಿಗೆ ಕಾಣುವುದಿಲ್ಲ. ಹಸಿ ಖಾರ ಕಂಡಿರಲಿಲ್ಲ, ಇದೂ ಕಾಣುತ್ತಿಲ್ಲ. ಊರಿಗೆಲ್ಲ ಕೆಂಪಿನಲ್ಲಿ ಹೆಸರಾದ ನಮ್ಮಪ್ಪನಿಗೆ ಕೆಂಪು ಕಾಣುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ತಿಳಿಯಿತು. ಗುಲಗಂಜಿ, ಇಟ್ಟಂಗಿ, ದಾಳಿಂಬ್ರಿ ಕಳ್ಳಿ. ಅವ್ವ ಇಷ್ಟು ವರ್ಷ ಬೈದದ್ದು ನನ್ನನ್ನಲ್ಲ. ನನಗೆ ಅಳು ಬಂದುಬಿಟ್ಟಿತು. ಆದರೆ ಅಳುವುದಕ್ಕೆ ಹೊತ್ತು ಎಲ್ಲಿತ್ತು? ಸಂಗಪ್ಪಕಾಕಾ ಮೆಟ್ಟಿಲು ಇಳಿದು ಗಳದ ಕಡೆ ಬರಲು ಕಾಲು ಎತ್ತಿದ್ದ. ಅಪ್ಪಾ, ತಪ್ಪೈತಿ ಅಂತ ಅವನ ಮುಂದೆ ಕೂಗಿದರೆ, ಮಗಳಿಗೆ ಕಂಡದ್ದು ನಿನಗ್ಯಾಕ ಕಾಣಲಿಲ್ಲೊ ಮಾರಾಯ ಅನ್ನುವ ಪ್ರಶ್ನೆ ಬರುತ್ತದೆ. ಸುಮ್ಮನಿದ್ದರೆ ಶಾಂತಕ್ಕನ ಸೆರಗು. ಹಂಡೆಯ ಹತ್ತಿರ ಕೆಂಚಿ ಕಾಲು ಚಾಚಿ ಮಲಗಿತ್ತು. ಗಂಟಲು ಹರಿಯುವ ಹಾಗೆ ಅದರ ಮೇಲೆ ಚೀರಿದೆ.

“ಏ ಕೆಂಚೀ! ಮಡಿ ಅಜ್ಜಿ ಸೀರಿ ಮುಟ್ಟಬ್ಯಾಡ! ಮಡಿ ಸೀರಿ ಅದು, ಮಡಿ ಸೀರಿ! ದಾಳಿಂಬ್ರಿ ಅಂದ್ಕೊಂಡಿಯೇನು?”

ಬೆಕ್ಕು ಬೆದರಿ ಗೋಡೆ ಹಾರಿ ಓಡಿತು. ಅಪ್ಪನ ಕೈ ಅಲ್ಲೇ ನಿಂತಿತು. ಹಿತ್ತಲಲ್ಲಿ ಯಾವ ಮಡಿ ಸೀರೆಯೂ ಇರಲಿಲ್ಲ, ಅದು ಅವನಿಗೆ ಗೊತ್ತು. ನನ್ನ ಕಡೆ ತಿರುಗಿದ. ಆ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಹೆದರಿದ್ದ, ನಾಚಿದ್ದ, ಅದರ ನಡುವೆಯೇ ಎಲ್ಲೋ ಒಂದಿಷ್ಟು ಹಗುರಾಗಿದ್ದ. ಹೊಸ ಲಡಿಯನ್ನು ಮುದ್ದೆ ಮಾಡಿ ಹಂಡೆಯ ನೀರಿಗೆ ಹಾಕಿ, ಮಾದರಿಯನ್ನು ಸೊಂಟಕ್ಕೆ ಸಿಗಿಸಿಕೊಂಡುಬಿಟ್ಟ. ಸಂಗಪ್ಪಕಾಕಾ ಅಲ್ಲೇ ನಿಂತ.

“ಯಾಕೋ? ಯಾವ ಮಡಿ ಸೀರಿ? ಏನಾತು?”

“ಏನಿಲ್ಲ ಬಿಡೊ, ಬೆಕ್ಕಿನ ಗದ್ದಲ. ಇವತ್ತ ಕೊಡಂಗಿಲ್ಲ ಸಂಗಪ್ಪ. ಮಗಳ ಸೀರಿ ಐತಿ, ಇನ್ನೊಂದ ಮುಳುಗು ಹಾಕ್ತೇನಿ. ನಾಡದು ಬಾ.”

“ಈಗ ಒಂದ ತಾಯಿ ಹೊಟ್ಯಾಗಿಂದು ಅಂದೆಲ್ಲೋ!”

“ಅಂದೆ. ತಾಯಿಗೆ ಇನ್ನೂ ಸಮಾಧಾನ ಇಲ್ಲ. ನೀ ನಡಿ.”

ಸಂಗಪ್ಪಕಾಕಾ ನಗುತ್ತಾ, ನಿನ್ನ ಕೆಂಪಿನ ಹುಚ್ಚು ನಿನಗ ಅಂತ ಹೋದ. ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂತ. ಆಮೇಲೆ ನನ್ನನ್ನು ಹತ್ತಿರ ಕರೆದು ಕೂಡಿಸಿಕೊಂಡ.

“ನನಗ ತಿಳಿಯಂಗಿಲ್ಲ ತಂಗಿ. ದಟ್ಟ ಯಾವುದು, ತೆಳು ಯಾವುದು, ಅದು ತಿಳೀತೈತಿ. ಒಳಗ ಏನ ಕುಂತೈತಿ ತಿಳಿಯಂಗಿಲ್ಲ. ನೀವು ಕೆಂಪ ಅನ್ನೋದು, ಹಸರ ಅನ್ನೋದು, ನನಗ ಎಲ್ಲಾ ಒಣಹುಲ್ಲಿನ ಬಣವಿ ಬಣ್ಣ.”

ಅಜ್ಜನಿಗೆ ಗೊತ್ತಿತ್ತಂತೆ. ಬದುಕಿರುವ ತನಕ ಬಣ್ಣ ತಾನು ನೋಡಿ ಮಗನಿಂದ ಕೈಕೆಲಸ ಮಾಡಿಸಿದ. ಅವನು ತೀರಿಕೊಂಡಾಗ ಅಪ್ಪ ಹಂಡೆ ಮಾರಿ ಕೂಲಿಗೆ ಹೋಗುವ ವಿಚಾರ ಮಾಡಿದ್ದ. ಅವ್ವ ಆಗಷ್ಟೇ ಗಂಡನ ಮನೆಗೆ ನಡೆಯಲು ಬಂದಿದ್ದಳು, ಹದಿನಾರು ವರ್ಷದವಳು. ಒಂದು ದಿನ ಅಪ್ಪ ನೇಕಾರರ ಮುಂದೆ ಯಾವುದೋ ಲಡಿಗೆ ಕುಂಕುಮದ ಕೆಂಪು ಅಂದ. ಅಡಿಗಿ ಮನಿಯೊಳಗಿಂದ ಹೊಸ ಸೊಸೆ ಬೆಕ್ಕಿಗೆ, ಏ ಇಟ್ಟಂಗಿ ಮ್ಯಾಲಿಂದ ಇಳಿ ಅಂತ ಬೈದಳು. ಅಪ್ಪ ಮಾತು ತಿದ್ದಿಕೊಂಡ. ಈ ವಿಷಯ ಅವರಿಬ್ಬರೂ ಕೂತು ಮಾತಾಡಿದ್ದೇ ಇಲ್ಲವಂತೆ. ಆಮೇಲೆ ನಾನು ಹುಟ್ಟಿದೆ. ಬೆಕ್ಕಿಗೆ ಪುರಸೊತ್ತು ಸಿಕ್ಕಿತು.

“ನಿಮ್ಮವ್ವ ನೂಲ ಯಾಕ ಜಗೀತಾಳ ಗೊತ್ತೇನು?”

“ಚಟ.”

“ಚಟ ಅಲ್ಲ. ಹಸಿ ಇದ್ದಾಗ ಎಲ್ಲಾ ಕೆಂಪೂ ಅಕ್ಕತಂಗೀರ. ಒಣಗಿದ ಮ್ಯಾಲ ಖರೇ ಬಣ್ಣ ತೋರಸ್ತಾವ. ಅದಕ್ಕ ಒಣ ಮಾದರಿ ಬಾಯಾಗ ಹಾಕಿ ಹಸಿ ಮಾಡಿ, ಹಸಿಗೆ ಹಸಿ ಹಿಡದ ನೋಡತಾಳ. ನಿನ್ನೆ ನಿನಗ ಅದನ್ನ ಹೇಳಬೇಕಾಗಿತ್ತು. ಆಳು ನಿಂತಿದ್ದ. ನನಗ ನಾಚಿಕಿ ಆತು.”

ತಪ್ಪು ನನ್ನದು ಅಂತ ನಾನು ಅತ್ತೆ, ನನ್ನದು ಅಂತ ಅವನು ಅಂದ. ಆಮೇಲೆ ಇಬ್ಬರೂ ಎದ್ದು ಉರಿ ಹಾಕಿದೆವು. ಹೊಸ ಡಬ್ಬಿಯ ಪುಡಿಯಲ್ಲೇ ಮಣ್ಣು ಇತ್ತು. ಅದನ್ನು ಹೊಡೆಯಲು ಗುಲಾಬಿ ಬಣ್ಣದ ಪುಡಿ ಚಿಟಿಕೆ ಚಿಟಿಕೆ ಹಾಕುತ್ತಾ, ಒಂದೊಂದು ಎಳೆ ಅದ್ದಿ ತೆಗೆದು ನೋಡುತ್ತಾ ಹೋದೆವು. ನಾನು ಮಾದರಿಯ ತುದಿಯನ್ನು ಬಾಯಲ್ಲಿ ಹಾಕಿಕೊಂಡೆ. ಕಹಿ, ಒಗರು. ಇದನ್ನು ಅವ್ವ ಇಷ್ಟು ವರ್ಷ ಜಗಿದಿದ್ದಾಳೆ! ಇನ್ನೂ ಇಟ್ಟಂಗಿ ಐತಿ ಅನ್ನುತ್ತಿದ್ದೆ, ಅಪ್ಪ ಒಂದು ಚಿಟಿಕೆ ಹಾಕುತ್ತಿದ್ದ. ಈಗ ದಾಸಾಳಕ್ಕ ಬಂತು. ಈಗ ತೊಂಡಿಹಣ್ಣು. ತಡಿ, ತಡಿ, ಇನ್ನ ಹಾಕಬ್ಯಾಡ. ಎಷ್ಟು ಚಿಟಿಕೆ ಹಾಕಿದರೆ ಬಣ್ಣ ಎ‌ಲ್ಲಿಂದ ಎಲ್ಲಿಗೆ ಸರಿಯುತ್ತದೆ ಅನ್ನುವುದು ಅಪ್ಪನಿಗೆ ಗೊತ್ತು, ಎಲ್ಲಿ ನಿಂತಿದೆ ಅನ್ನುವುದು ನನಗೆ. ನಾನು ಬರೀ ಕೆಂಪ ಅಂದಿದ್ದರೆ ಅವನ ಕೈ ಅಲ್ಲೇ ನಿಂತುಬಿಡುತ್ತಿತ್ತು. ಅವ್ವ ಬೈದ ಒಂದೊಂದು ಬೈಗುಳವೂ ಅವತ್ತು ಕೆಲಸಕ್ಕೆ ಬಂತು.

ಮೂರನೇ ದಿನ ಸಂಗಪ್ಪಕಾಕಾ ಬಂದು ಪಡಸಾಲಿಯಲ್ಲಿ ಕೂತ. ಅಪ್ಪ ಒಣಗಿದ ಲಡಿಗಳನ್ನು ಅವನ ಮುಂದೆ ಇಡಲು ಹೋದವ ಕೈ ಹಿಂದೆ ತೆಗೆದ, ನನ್ನ ಕಡೆ ನೋಡಿದ. ನನಗೆ ಧೈರ್ಯ ಇತ್ತು, ಆದರೂ ಒಮ್ಮೆ ತಪ್ಪಿದ ಬಾಯಿ, ಹೆದರಿಕೆಯೂ ಇತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅವ್ವ! ಆಯಿ ಎದ್ದು ಕೂತು ಗಂಜಿ ಕುಡಿದಳಂತೆ, ಇವಳು ಮತ್ತೊಂದು ದಿನವೂ ನಿಲ್ಲದೆ ಬಂದಿದ್ದಳು. ಕಾಲ ತುಂಬಾ ಚಕ್ಕಡಿಯ ಧೂಳು, ಕಂಕುಳಲ್ಲಿ ಗಂಟು. ಪಡಸಾಲಿಯಲ್ಲಿ ಗಂಡಸರು ಕೂತಿದ್ದರೆ ಅವಳು ಯಾವಾಗಲೂ ಸಂದಿಯಿಂದ ಹಿತ್ತಲಿಗೆ ಹೋಗುತ್ತಿದ್ದವಳು. ಅವತ್ತು ಹೋಗಲಿಲ್ಲ. ಲಡಿಗಳ ಮೇಲೆ ಅವಳ ಕಣ್ಣು ಬಿತ್ತು. ನನ್ನ ಮುಖ ನೋಡಿದಳು, ನನ್ನ ನಾಲಿಗೆಯ ತುದಿಯ ಕೆಂಪು ಅವಳಿಗೆ ಕಂಡಿರಬೇಕು. ಅಪ್ಪನ ಮುಖ ನೋಡಿದಳು. ಗಂಟು ಕೆಳಗೆ ಇಟ್ಟು ಸೀದಾ ಒಳಗೆ ಬಂದು, ಮಾದರಿಯ ಲಡಿಯನ್ನೂ ಹೊಸ ಲಡಿಯನ್ನೂ ಎತ್ತಿ ಬೆಳಕಿಗೆ ಹಿಡಿದಳು. ಎರಡರ ತುದಿಯನ್ನೂ ಬಾಯಲ್ಲಿ ಹಾಕಿ ಹಸಿ ಮಾಡಿ ಮತ್ತೊಮ್ಮೆ ನೋಡಿದಳು. ನಾನು ಬೈಗುಳಕ್ಕೆ ಕಾದು ನಿಂತೆ. ಗುಲಗಂಜಿಯೋ, ಇಟ್ಟಂಗಿಯೋ, ದಾಳಿಂಬ್ರಿಯೋ.

ಅವ್ವ ನನಗೆ ಹೇಳಲಿಲ್ಲ. ಬೆಕ್ಕಿಗೂ ಹೇಳಲಿಲ್ಲ. ಪರಗಂಡಸು ಕೂತಿದ್ದ ಪಡಸಾಲಿಯಲ್ಲಿ ಅಪ್ಪನ ಮುಖವನ್ನೇ ನೋಡಿ ಅಂದಳು:

“ಕೂಡೈತ್ರಿ. ಭಾಳ ಛಲೋ ಕೂಡೈತಿ.”

ಸಂಗಪ್ಪಕಾಕಾ ಗಡಬಡಿಸಿ ತಲೆ ತಗ್ಗಿಸಿದ. ಅಪ್ಪನಿಗೆ ಎಲ್ಲಿ ನೋಡಬೇಕು ತಿಳಿಯಲಿಲ್ಲ, ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. ಕೂಸು ಮಾಡೇತಿ ಅಂದ, ಅಷ್ಟೇ. ನಾನು ಕಂಬ ಹಿಡಿದು ನಿಂತೇ ಇದ್ದೆ.

“ಏ ಗಂಗೀ, ಬಾಯಿ ತೆರಕೊಂಡ ಏನ ನಿಂತಿ? ಕಾಕಾಗ ನೀರು ಕೊಟ್ಟಿಯೇನು?”

ಅದು ಅವ್ವ ನನಗೇ ಅಂತ ಬೈದ ಬೈಗುಳ. ನಗುತ್ತಾ ಓಡಿಹೋಗಿ ನೀರು ತಂದೆ. ಸಂಗಪ್ಪಕಾಕಾ ನೂಲು ಎದೆಗೆ ಅವುಚಿಕೊಂಡು ಹೋದ. ಆ ಸೀರೆಯಲ್ಲಿ ಶಾಂತಕ್ಕನ ಮದುವೆ ಆಯಿತು. ಸೆರಗಿಗೂ ಒಡಲಿಗೂ ಬಣ್ಣದಲ್ಲಿ ಭೇದ ಕಂಡವರು ಯಾರೂ ಇಲ್ಲ.

ಅವನು ಹೋದ ಮೇಲೆ ಅಪ್ಪ ಅಡಿಗಿ ಮನಿಯಲ್ಲಿ ಕೂತು ಅವ್ವನಿಗೆ ಎಲ್ಲ ಹೇಳಿದ. ಮಡಿ ಸೀರಿ, ಕೆಂಚಿ, ಎಲ್ಲ. ಅವ್ವ ಕೇಳುತ್ತಾ ಕೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ತವರಿನಿಂದ ತಂದ ಗಂಟು ಬಿಚ್ಚಿದಳು. ಅವರ ಹಿತ್ತಲಿನ ಗಿಡದ್ದು, ಕೈಯಲ್ಲಿ ಹಿಡಿಯಲಾಗದಷ್ಟು ದೊಡ್ಡ ದಾಳಿಂಬ್ರಿ, ಒಂದೇ ಒಂದು. ಅಪ್ಪನಿಗೆ ಕೊಡಲಿಲ್ಲ, ನನ್ನ ಉಡಿಯಲ್ಲಿ ಹಾಕಿದಳು.

“ತಗೋ. ಇಷ್ಟ ವರ್ಷ ಕದ್ದೀ ಕದ್ದೀ ಅಂತ ಬೈಸಿಕೊಂಡಿ. ಇವತ್ತರ ತಿನ್ನು, ನನ್ನವ್ವಾ.”